ನಮ್ಮೂರಿಗೆ ಓಟು ಬಂದ ವರ್ಷ

ನಾನು ಹೊಲಿಗೆಯವಳು. ಶೆಟ್ಟಿಕೆರೆ ಸೀಮೆಯ ಒಂದು ಸಣ್ಣ ಊರಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ನನ್ನ ಗಂಡ ತೆಂಗಿನ ತೋಟವನ್ನೂ ಎರಡು ಹಸುಗಳನ್ನೂ ನೋಡಿಕೊಳ್ಳುತ್ತಾರೆ. ಊರಿನ ಹೆಂಗಸರೆಲ್ಲ ಆಗಾಗ ನನ್ನ ಕೋಣೆಗೆ ಬರುವವರೇ. ಅಳತೆ ಕೊಡುತ್ತಾ ಸುದ್ದಿ ಹೇಳುತ್ತಾರೆ. ಸುದ್ದಿ ತೀರಿದ ಮೇಲೆ ರಾಜಕಾರಣಿಗಳನ್ನು ಬೈಯುತ್ತಾರೆ. ಬೈಯುವುದರಲ್ಲಿ ಎಲ್ಲರಿಗಿಂತ ಜೋರು ನಾನೇ ಇದ್ದೆ ಎಂದು ಈಗ ಒಪ್ಪಿಕೊಳ್ಳಬೇಕು.

ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ದೂರದ ತವರಿನಲ್ಲಿದ್ದಾಗ, ಮೊಟ್ಟಮೊದಲ ಸಲ ಓಟು ಹಾಕಿದ ವರ್ಷ, ಒಬ್ಬರನ್ನು ಬಹಳ ನಂಬಿದ್ದೆ. ಅವರು ಗೆದ್ದರು. ಗೆದ್ದ ಕೆಲವೇ ತಿಂಗಳಲ್ಲಿ, ಯಾರನ್ನು ಸೋಲಿಸಿ ಎಂದು ನಮ್ಮ ಬೀದಿಯಲ್ಲಿ ಕೈ ಮುಗಿದಿದ್ದರೋ ಅವರ ಪಕ್ಕದಲ್ಲೇ ಹೋಗಿ ಕುಳಿತರು. ಆವತ್ತು ಟಿವಿಯಲ್ಲಿ ಅವರು ನಗುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಅವರಿಗೆ ಆಗಬೇಕಾದ ನಾಚಿಕೆ ನನಗೇಕೆ ಆಯಿತೋ ಗೊತ್ತಿಲ್ಲ. ಆಮೇಲೆ ಎಷ್ಟೋ ಚುನಾವಣೆಗಳಲ್ಲಿ ನಾನು ಮನೆ ಬಿಟ್ಟು ಕದಲಲಿಲ್ಲ. "ಯಾರು ಬಂದ್ರೂ ಅಷ್ಟೇ" ಎನ್ನುವುದು ನನ್ನ ಬಾಯಲ್ಲಿ ನೆಲೆ ನಿಂತ ಮಾತಾಗಿತ್ತು.

ಪಂಚಾಯಿತಿ ಚುನಾವಣೆಯಂತೂ ನಮ್ಮೂರಿಗೆ ಬರುತ್ತಲೇ ಇರಲಿಲ್ಲ. ಸುತ್ತಲ ಊರುಗಳಿಗೆ ಬರುತ್ತಿತ್ತು, ನಮಗಿಲ್ಲ. ನಮ್ಮೂರಿಗೆ ಇರುವುದು ಒಂದೇ ಸ್ಥಾನ. ದೊಡ್ಡಮನೆಯ ಯಜಮಾನರು ತಮ್ಮ ಕೊಬ್ಬರಿ ಶೆಡ್ಡಿನಲ್ಲಿ ನಾಲ್ಕು ಜನ ಗಂಡಸರನ್ನು ಕರೆಸಿ, ಕಾಫಿ ಕೊಟ್ಟು, ಈ ಸಲ ಇಂಥವರು ಎಂದು ಹೇಳಿಬಿಡುತ್ತಿದ್ದರು. ಒಂದೇ ಅರ್ಜಿ ಹೋಗುತ್ತಿತ್ತು. ಅವಿರೋಧ ಆಯ್ಕೆ ಎಂದು ಘೋಷಣೆಯಾಗುತ್ತಿತ್ತು. ಯಜಮಾನರು ಕೆಟ್ಟವರಲ್ಲ. ಸತ್ತಾಗ, ಹೆತ್ತಾಗ ಮೊದಲು ಬಂದು ನಿಲ್ಲುವವರು ಅವರೇ. ಅದಕ್ಕೇ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಹೋದ ಪಂಚಾಯಿತಿ ಚುನಾವಣೆಗೆ ನಮ್ಮೂರ ಸ್ಥಾನ ಮಹಿಳೆಗೆ ಮೀಸಲಾಯಿತು. ಶೆಡ್ಡಿನ ಸಭೆ ಮುಗಿಸಿ ಬಂದ ನನ್ನ ಗಂಡ ಚಪ್ಪಲಿ ಬಿಡುತ್ತಾ ಹೇಳಿದರು, "ಆಯ್ತು ಕಣೇ. ದೊಡ್ಮನೆ ಸೊಸೆ."

"ಅವ್ಳನ್ನ ಕೇಳಿದ್ರಾ?"

"ಅವ್ಳನ್ಯಾಕೆ ಕೇಳ್ತಾರೆ? ಯಜಮಾನ್ರು ಹೇಳಿದ್ರು, ನಾವು ಹೂಂ ಅಂದ್ವಿ."

ಮಾರನೆಯ ದಿನ ಆ ಸೊಸೆಯೇ ರವಿಕೆ ಬಟ್ಟೆ ಹಿಡಿದು ಬಂದಳು. ತಿಪಟೂರಿನಲ್ಲಿ ಬಿ.ಕಾಂ. ಓದಿದ ಹುಡುಗಿ. ಮದುವೆಯಾಗಿ ಬಂದು ಏಳೆಂಟು ವರ್ಷವಾಗಿದ್ದರೂ ಅವಳ ದನಿ ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

"ಬೇಗ ಬೇಕು ಅಕ್ಕ. ಅರ್ಜಿ ಹಾಕೋ ದಿನ ಫೋಟೋ ತೆಗೀತಾರಂತೆ," ಎಂದಳು.

"ಮೆಂಬರ್ ಆಗ್ತಿದೀಯ. ಪಂಚಾಯ್ತಿಲಿ ಏನ್ ಮಾತಾಡ್ತೀಯ?" ಎಂದು ನಾನು ಟೇಪು ಹಿಡಿದುಕೊಂಡೇ ಕೇಳಿದೆ.

ಅವಳು ನಕ್ಕಳು. "ನಾನ್ಯಾಕೆ ಮಾತಾಡ್ಲಿ ಅಕ್ಕ? ಮೀಟಿಂಗ್‌ಗೆ ಮಾವನೇ ಹೋಗ್ತಾರಂತೆ. ಬುಕ್ಕು ಮನೆಗೆ ಬತ್ತದಂತೆ, ಸೈನ್ ಹಾಕಿದ್ರೆ ಸಾಕಂತೆ."

ಆ ನಗು ನನಗೆ ಚುಚ್ಚಿತು. ಅವಳು ಹೋದ ಮೇಲೆ ನಾನು ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಾ ಒಂದೇ ಸಮನೆ ಬೈಯತೊಡಗಿದೆ. ಮೇಲಿನವರು ಕಳ್ಳರು, ಕೆಳಗಿನವರು ಕಳ್ಳರು, ನಮ್ಮ ಹೆಸರಿನಲ್ಲಿ ಯಾರೋ ಕೂರುತ್ತಾರೆ, ಯಾರೋ ಏಳುತ್ತಾರೆ ಎಂದೆಲ್ಲ. ಪಕ್ಕದಲ್ಲಿ ನನ್ನ ಅತ್ತೆ ಮೊರದಲ್ಲಿ ಹುರುಳಿಕಾಳು ಹಸನು ಮಾಡುತ್ತಿದ್ದರು. ಎಪ್ಪತ್ತು ದಾಟಿದ ಮುದುಕಿ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವರು ತಲೆ ಎತ್ತದೆ ಹೇಳಿದರು:

"ನಿಂತ್ಕೊ."

"ಎಲ್ಲಿ ನಿಂತ್ಕೊಳ್ಲಿ?"

"ಎಲೆಕ್ಷನ್‌ಗೆ. ದಿನಾ ಬೈತೀಯಲ್ಲ, ನಂಗೂ ಕೇಳಿ ಕೇಳಿ ಸಾಕಾಗೈತೆ. ಈ ಊರಿಗೆ ಬಂದು ಅರವತ್ತು ವರ್ಸ ಆಗ್ತಾ ಬಂತು. ಡೆಲ್ಲಿಗೆ ಓಟು ಹಾಕೀನಿ, ಬೆಂಗ್ಳೂರ್ಗೆ ಹಾಕೀನಿ. ನಮ್ಮ ಪಂಚಾಯ್ತಿಗೆ ಒಂದ್ ಓಟು ಹಾಕಿದ್ದು ನೆಪ್ಪೇ ಇಲ್ಲ."

ನಾನು ನಕ್ಕುಬಿಟ್ಟೆ. ಆದರೆ ಮಿಷನ್ ಮುಂದೆ ಕೂತರೆ ಕಾಲು ಆಡಲಿಲ್ಲ. ಮದುವೆ ಗೊತ್ತಾದ ದಿನವೂ ನನಗೆ ಹಾಗೆ ಆಗಿರಲಿಲ್ಲ.

ಗಂಡನಿಗೆ ಹೇಳಿದೆ. ಶೆಡ್ಡಿನಲ್ಲಿ ಹೂಂ ಅಂದು ಬಂದವರಲ್ಲವೇ? "ಗೆಲ್ಲಲ್ಲ ಕಣೇ ನೀನು," ಎಂದರು. ಗೆಲ್ಲುವುದು ನನ್ನ ತಲೆಯಲ್ಲೇ ಇರಲಿಲ್ಲ. ಎರಡನೆಯ ಅರ್ಜಿ ಬಿದ್ದರೆ ಓಟು ನಡೆಯಲೇಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಹಾಗೆಂದೆ. ಅವರು ಎದ್ದು ಹಸುವಿಗೆ ಹುಲ್ಲು ಹಾಕಿ ಬಂದು, "ನಾಳೆ ಮೂರು ಗಂಟೆಗೆ ಕೊನೆ. ಬೆಳಿಗ್ಗೆ ಫಾರಂ ತರಾನ," ಎಂದರು.

ಫಾರಂ ಸಿಕ್ಕಿತು. ತುಂಬಿದೆ. ಆಮೇಲೆ ನೋಡಿದರೆ ಸೂಚಕರ ಸಹಿ ಎಂದಿದೆ. ನಮ್ಮೂರಿನ ಮತದಾರರೊಬ್ಬರು ನನ್ನ ಹೆಸರು ಸೂಚಿಸಬೇಕು. ಗಂಡ ಹಾಕಬಹುದಿತ್ತು. ಆದರೆ ಯಜಮಾನರ ಎದುರಿಗೆ ಹೂಂ ಅಂದು ಬಂದು, ಈಗ ಎದುರು ಅರ್ಜಿಗೆ ಸಹಿ ಹಾಕುವುದು ಹೇಗೆ ಎಂದು ಅವರು ಹಿಂದೆಗೆದರು. ನನಗೂ ಒತ್ತಾಯ ಮಾಡಲು ಮನಸ್ಸಾಗಲಿಲ್ಲ. ಇಬ್ಬರು ಗೆಳತಿಯರ ಮನೆಗೆ ಓಡಿದೆ. ಒಬ್ಬಳು ಬೆನ್ನು ತಟ್ಟಿದಳು, ಸಹಿ ಮಾತ್ರ ಹಾಕದೆ ಕಳಿಸಿದಳು. ಇನ್ನೊಬ್ಬಳು ಒಲೆಯ ಮೇಲೆ ಸಾರು ಇದೆ ಎಂದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಗಂಟೆ ಒಂದೂವರೆ ದಾಟಿತ್ತು.

ಮನೆಗೆ ಬಂದರೆ ಅತ್ತೆ ಸೀರೆ ಬದಲಾಯಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನ್ ಹಾಕ್ತೀನಿ ಬುಡು," ಎಂದರು.

ಒಂದು ಮೊಪೆಡ್ಡಿನ ಮೇಲೆ ಮೂವರು ಹೊರಟೆವು. ಮುಂದೆ ಗಂಡ, ನಡುವೆ ಅತ್ತೆ, ಹಿಂದೆ ಫಾರಂ ಎದೆಗೆ ಒತ್ತಿಕೊಂಡ ನಾನು. ತೋಟಗಳ ನಡುವಿನ ಮಣ್ಣಿನ ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಅತ್ತೆ, "ಜೋರಾಗಿ ಓಡ್ಸೋ," ಎನ್ನುತ್ತಿದ್ದರು. ಪಂಚಾಯಿತಿ ಕಚೇರಿ ಮುಟ್ಟಿದಾಗ ಎರಡು ಮುಕ್ಕಾಲು.

ಚುನಾವಣಾಧಿಕಾರಿ ಹೊರಗಿನವರು, ಸಣ್ಣ ವಯಸ್ಸಿನವರು. ಫಾರಂ ನೋಡಿದರು, ಅತ್ತೆಯನ್ನು ನೋಡಿದರು. "ಹೆಬ್ಬೆಟ್ಟಾ ಅಜ್ಜಿ?" ಎಂದರು.

"ಯಾಕಪ್ಪ? ಸೈನ್ ಬತ್ತದೆ," ಎಂದರು ಅತ್ತೆ.

ಸ್ವಸಹಾಯ ಸಂಘಕ್ಕೆ ಸೇರಿದ ಮೇಲೆ ಕಲಿತ ಸಹಿ ಅದು. ಅತ್ತೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದರು. ಒಂದೊಂದು ಅಕ್ಷರಕ್ಕೂ ನಾಲಿಗೆ ತುಟಿಯ ಮೂಲೆಗೆ ಬರುತ್ತಿತ್ತು. ಮೊದಲನೆಯ ಅಕ್ಷರ. ಎರಡನೆಯದು. ಮೂರನೆಯದಕ್ಕೆ ಒತ್ತು ಕೊಡಬೇಕು. ಅಲ್ಲಿ ನಿಂತು ಯೋಚಿಸಿದರು. ಗೋಡೆಯ ಗಡಿಯಾರದ ಮುಳ್ಳು ನನ್ನ ಕಣ್ಣೆದುರೇ ಸರಿಯುತ್ತಿತ್ತು. ಅಧಿಕಾರಿ ಅವಸರ ಮಾಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಐದು ನಿಮಿಷ ಅವರು ಸುಮ್ಮನೆ ಕಾದ ರೀತಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಒತ್ತು ಬಿತ್ತು. ಕೊನೆಯ ಅಕ್ಷರವೂ ಬಿತ್ತು. ಅರ್ಜಿ ಸ್ವೀಕರಿಸಿದ್ದೇನೆ ಎಂದು ಅವರು ಸೀಲು ಹೊಡೆದರು.

ಸಂಜೆಯ ಹೊತ್ತಿಗೆ ಊರೆಲ್ಲ ಸುದ್ದಿ. ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿದ್ದ ಮಾತು ನಿಂತಿತು. ಮಾರನೆಯ ಬೆಳಿಗ್ಗೆ ಯಜಮಾನರು ತಾವೇ ನಮ್ಮ ಮನೆಗೆ ಬಂದರು. ಇಪ್ಪತ್ತು ವರ್ಷದಲ್ಲಿ ಅವರು ನಮ್ಮ ಜಗುಲಿ ಹತ್ತಿದ್ದು ಮಾವ ತೀರಿಕೊಂಡಾಗ ಮಾತ್ರ. ಕಾಫಿ ಕೊಟ್ಟೆ. ಕುಡಿದರು.

"ನಂದೇನು ಬೇಜಾರಿಲ್ಲ ಕಣಮ್ಮ," ಎಂದರು. "ಊರಲ್ಲಿ ಎರಡು ಪಾರ್ಟಿ ಆಗ್ಬಾರ್ದು ಅಂತ ಇಷ್ಟ್ ವರ್ಸ ಕಾಪಾಡ್ಕೊಂಡು ಬಂದೀನಿ. ಪಕ್ಕದೂರಲ್ಲಿ ನೋಡಿದೀಯ, ಅಣ್ಣತಮ್ಮಂದಿರು ಮಾತಾಡಲ್ಲ. ವಾಪಸ್ ತಗಂಬುಡು."

ಅವರ ಮಾತು ಸುಳ್ಳಲ್ಲ. ಪಕ್ಕದೂರಿನ ಕತೆ ನನಗೂ ಗೊತ್ತಿತ್ತು. ಒಂದು ಕ್ಷಣ ಮನಸ್ಸು ಹೊಯ್ದಾಡಿತು. ಬಾಗಿಲ ಸಂದಿಯಿಂದ ಅತ್ತೆ ನೋಡುತ್ತಿದ್ದರು.

"ಯಜಮಾನ್ರೇ, ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ," ಎಂದೆ. "ನಿಮ್ಮ ಸೊಸೆ ಗೆದ್ರೂ ಸಂತೋಷ. ಆದ್ರೆ ಗೆದ್ದು ಹೋಗ್ಲಿ. ಮನೆ ಮನೆಗೆ ಬಂದು ಕೇಳ್ಲಿ. ನಾವೂ ಅವ್ಳನ್ನ ಏನಾದ್ರೂ ಕೇಳ್ತೀವಿ."

ಅವರು ಲೋಟ ಕೆಳಗಿಟ್ಟು, ಮೇಲುವಸ್ತ್ರ ಸರಿಮಾಡಿಕೊಂಡು ಎದ್ದರು. "ಅವ್ಳಿಗೆ ಮಾತಾಡಕ್ಕೆ ಬರಲ್ಲ ಕಣಮ್ಮ," ಎಂದು ಹೇಳಿ ಇಳಿದು ಹೋದರು. ಬೆದರಿಕೆಯಿಲ್ಲ, ಬೈಗುಳವಿಲ್ಲ. ನಿಜ ಹೇಳುತ್ತೇನೆ, ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಚಿಹ್ನೆ ಕೊಡುವ ದಿನ ಹೊಲಿಗೆ ಮಿಷನ್ ಇದೆಯಾ ಎಂದು ಕೇಳಿದೆ. ಪಟ್ಟಿಯಲ್ಲಿ ಇರಲಿಲ್ಲ. ಏಣಿ ತೆಗೆದುಕೊಂಡೆ, ಓದು ಬಾರದವರೂ ಗುರುತು ಹಿಡಿಯುತ್ತಾರೆ ಎಂದು. ಸೊಸೆಗೆ ಮಿಕ್ಸಿ ಸಿಕ್ಕಿತು. ಅವಳ ರವಿಕೆಯನ್ನು ಹೇಳಿದ ದಿನಕ್ಕೇ ಹೊಲಿದು ಕೊಟ್ಟಿದ್ದೆ. ಅದನ್ನೇ ತೊಟ್ಟು ಅವಳು ಕಚೇರಿಯಲ್ಲಿ ಮಾವನ ಹಿಂದೆ ನಿಂತಿದ್ದಳು. ಕಣ್ಣು ಎತ್ತಿ ನೋಡಲಿಲ್ಲ.

ಆಮೇಲಿನ ಹತ್ತು ದಿನ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಬೆಳಿಗ್ಗೆ ಅಡಿಗೆ ಮುಗಿಸಿ ಹೊರಟರೆ ಮನೆಯಿಂದ ಮನೆಗೆ. ಬಾಗಿಲುಗಳಲ್ಲಿ ಕೇಳಿದ್ದೆಲ್ಲ ನನ್ನವೇ ಮಾತುಗಳು. "ಯಾರು ಬಂದ್ರೂ ಅಷ್ಟೇ ಕಣವ್ವ." "ಗೆದ್ದ ಮೇಲೆ ನೀನೂ ಕಾರಲ್ಲಿ ಹೋಯ್ತೀಯ." "ಓಟು ಕೇಳಕ್ಕೆ ಬಂದೋರು ಆಮೇಲೆ ಈ ಬೀದಿ ಮರೀತಾರೆ." ಇಷ್ಟು ವರ್ಷ ನಾನು ಮಿಷನ್ ತುಳಿಯುತ್ತಾ ಆಡಿದ ಮಾತನ್ನು ನನ್ನ ಮುಖಕ್ಕೇ ಹೇಳುತ್ತಿದ್ದರು. ಅದಕ್ಕೆ ಉತ್ತರ ಕೊಡುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಮೇಲಿನ ಬೀದಿಯಲ್ಲಿ ಒಬ್ಬಳು ಕಾಯಿ ಸುಲಿಯುವ ಹೆಂಗಸು ಕೆಲಸ ನಿಲ್ಲಿಸದೆಯೇ ಕೇಳಿದಳು, "ನೀನು ಏನ್ ಮಾಡ್ತೀಯ ಹೇಳು. ಒಂದ್ ಹೇಳು ಸಾಕು."

ಅವರ ಬೀದಿಗೆ ನಲ್ಲಿಯಿಲ್ಲ. ಕೊಡ ಹೊತ್ತು ಕೆಳಗಿನ ಬೀದಿಗೆ ಇಳಿಯಬೇಕು. ನಲ್ಲಿ ಹಾಕಿಸುತ್ತೇನೆ ಎಂದು ಬಾಯಿ ತೆರೆದವಳು ತಡೆದುಕೊಂಡೆ. ಅದೇ ಮಾತನ್ನು ಎಷ್ಟು ಜನ ಹೇಳಿ ಹೋಗಿದ್ದಾರೋ.

"ನಲ್ಲಿ ಹಾಕಿಸ್ತೀನಿ ಅಂತ ಭಾಷೆ ಕೊಡಕ್ಕಾಗಲ್ಲ," ಎಂದೆ. "ಪಂಚಾಯ್ತಿಲಿ ಕೇಳ್ತೀನಿ. ಅವ್ರು ಏನಂದ್ರು ಅಂತ ಬಂದು ನಿಂಗೆ ಹೇಳ್ತೀನಿ. ಇಲ್ಲ ಅಂದ್ರೆ ಇಲ್ಲ ಅಂತಲೂ ಬಂದು ಹೇಳ್ತೀನಿ."

ಅವಳ ಕೈ ಮೊದಲ ಸಲ ನಿಂತಿತು. "ಇಲ್ಲ ಅಂತ ಹೇಳಕ್ಕೆ ಯಾರೂ ಬಂದಿಲ್ಲ ಕಣಕ್ಕ," ಎಂದಳು.

ಮತದಾನಕ್ಕೆ ನಾಲ್ಕು ದಿನ ಇರುವಾಗ ಒಂದು ಮಧ್ಯಾಹ್ನ, ತೋಟದ ದಾರಿಯಲ್ಲಿ ದೊಡ್ಡಮನೆಯ ಸೊಸೆ ಎದುರಾದಳು. ಅವಳಿಗೂ ಈಗ ಬೀದಿಗಿಳಿಯದೆ ಗತಿಯಿರಲಿಲ್ಲ. ಜೊತೆಯ ಗಂಡಸರು ಕರಪತ್ರ ಹಿಡಿದು ಮುಂದೆ ಹೋಗಿಬಿಟ್ಟಿದ್ದರು. ಇವಳು ಸುಲಿದ ಸಿಪ್ಪೆಯ ರಾಶಿಯ ಪಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಬಾರು ಕಿತ್ತುಹೋಗಿತ್ತು. ನನ್ನ ರವಿಕೆಯ ಅಂಚಿನಲ್ಲಿ ಯಾವಾಗಲೂ ಒಂದು ಪಿನ್ನು ಇರುತ್ತದೆ. ಕೂತು ಬಾರು ಸರಿಮಾಡಿಕೊಟ್ಟೆ.

"ಅಕ್ಕ, ಬೇಜಾರಾ ನನ್ಮೇಲೆ?" ಎಂದಳು.

"ನಿನ್ಮೇಲೆ ಯಾಕೆ?"

"ನಿನ್ನೆ ಮೇಲಿನ ಬೀದಿಗೆ ಹೋಗಿದ್ದೆ. ನೀನು ಏನ್ ಮಾಡ್ತೀಯ ಹೇಳು ಅಂದ್ಲು ಒಬ್ಳು. ನಂಗೆ ಏನೂ ಗೊತ್ತಿರ್ಲಿಲ್ಲ. ಮಾವನ್ನ ಕೇಳ್ತೀನಿ ಅಂದೆ. ಎಲ್ರೂ ನಕ್ರು." ಅವಳ ಕಣ್ಣು ತುಂಬಿತ್ತು. ಆದರೆ ದನಿಯಲ್ಲಿ ಅಳುವಿಗಿಂತ ರೋಷವೇ ಹೆಚ್ಚಾಗಿತ್ತು. "ಏನ್ ಕೇಳ್ಬೇಕು ಅಕ್ಕ ಪಂಚಾಯ್ತಿಲಿ? ನೀನ್ ಗೆದ್ರೆ ಏನ್ ಕೇಳ್ತಿದ್ದೆ?"

ಎದುರಾಳಿಗೆ ಹೇಳಬಾರದು ಎಂದು ನನಗೆ ತೋಚಲೇ ಇಲ್ಲ. ಸಿಪ್ಪೆಯ ರಾಶಿಯ ಮೇಲೆ ಇಬ್ಬರೂ ಕೂತೆವು. ಮೇಲಿನ ಬೀದಿಯ ನಲ್ಲಿ, ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕಿಲ್ಲದ ಬಾಗಿಲು, ನಡೆಸದೆಯೇ ನಡೆಯಿತೆಂದು ಬರೆದುಕೊಳ್ಳುವ ಗ್ರಾಮಸಭೆ, ಎಲ್ಲ ಹೇಳಿದೆ. ಅವಳು ಕರಪತ್ರದ ಹಿಂದೆ, ತನ್ನದೇ ಫೋಟೋದ ಹಿಂದೆ, ಬರೆದುಕೊಂಡಳು. ಬಿ.ಕಾಂ. ಓದಿದವಳಲ್ಲವೇ, ಮಧ್ಯೆ ಮಧ್ಯೆ ನನಗೆ ಹೊಳೆಯದ ಪ್ರಶ್ನೆ ಕೇಳಿದಳು. ಗ್ರಾಮಸಭೆಗೆ ಇಷ್ಟು ಜನ ಸೇರಲೇಬೇಕು ಅಂತ ಇರಬೇಕಲ್ಲ, ಅದನ್ನು ಯಾರು ಎಣಿಸುತ್ತಾರೆ, ಎಂದು. ಅದನ್ನೂ ಬರೆದುಕೋ ಎಂದೆ.

ಮಾರನೆಯ ದಿನದಿಂದ ಅವಳು ಗಂಡಸರಿಗಿಂತ ಮುಂದೆ ನಡೆಯುತ್ತಿದ್ದಾಳೆ ಎಂದು ಸುದ್ದಿ ಬಂತು. "ಅವ್ಳು ಮಾತಾಡ್ತಾವ್ಳೆ ಕಣೇ," ಎಂದು ನನ್ನ ಗಂಡ ಬೆರಗಿನಿಂದ ಹೇಳಿದರು. "ನೀನೇ ಹೇಳ್ಕೊಟ್ಟಂಗೈತೆ." ನನಗೆ ಸಂತೋಷವೂ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಅಷ್ಟರಲ್ಲಿ ನನಗೆ ಗೆಲ್ಲುವ ಆಸೆ ಹುಟ್ಟಿಬಿಟ್ಟಿತ್ತು.

ಓಟಿನ ದಿನ ಏಳು ಗಂಟೆಗೆ ಮುಂಚೆಯೇ ಶಾಲೆಯ ಮುಂದೆ ಸಾಲು. ಮೊದಲನೆಯವರು ನನ್ನ ಅತ್ತೆ. ಸಾಲಿನಲ್ಲಿ ಯಾರೂ ಸುಮ್ಮನಿರಲಿಲ್ಲ. ಏಣಿಯೋ ಮಿಕ್ಸಿಯೋ ಎಂದು ರೇಗಿಸುತ್ತಿದ್ದರು, ನಗುತ್ತಿದ್ದರು. ಕಾಲೇಜಿನ ಹುಡುಗಿಯರು ತಿಪಟೂರಿನ ಬಸ್ಸು ಬಿಟ್ಟು ನಿಂತಿದ್ದರು. ಕಾಯಿ ಸುಲಿಯುವವಳು ಮೇಲಿನ ಬೀದಿಯ ಹೆಂಗಸರನ್ನೆಲ್ಲ ಒಟ್ಟಿಗೆ ಕರೆದುಕೊಂಡು ಬಂದಳು. ನಮ್ಮವರೇ ನಮ್ಮವರನ್ನು ಆರಿಸಲು ಹೀಗೆ ಬಟ್ಟೆ ಬದಲಾಯಿಸಿ, ತಲೆ ಬಾಚಿ ಬಂದು ನಿಂತದ್ದನ್ನು ನಾನು ಕಂಡಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಬೆರಳಿಗೂ ಶಾಯಿ ಬಿತ್ತು. ನನ್ನ ಹೆಸರಿನ ಮುಂದೆ ನಾನೇ ಸೀಲು ಒತ್ತುವಾಗ, ಗೆರೆ ದಾಟಿ ಬಿದ್ದು ನನ್ನ ಓಟು ನನಗೇ ತಪ್ಪಿತೇನೋ ಎಂದು ಹೆದರಿದೆ.

ಎಣಿಕೆ ಚಿಕ್ಕನಾಯಕನಹಳ್ಳಿಯಲ್ಲಿ. ಒಂದೇ ಮೇಜು, ಒಂದು ಕಡೆ ನಾನು, ಇನ್ನೊಂದು ಕಡೆ ಅವಳು. ಕಟ್ಟುಗಳು ಏರುತ್ತಾ ಹೋದವು. ಒಮ್ಮೆ ನಾನು ಮುಂದೆ, ಒಮ್ಮೆ ಅವಳು. ಕೊನೆಯ ಕಟ್ಟಿಗೆ ಬಂದಾಗ ಅವಳು ಮೇಜಿನ ಕೆಳಗಿನಿಂದ ಯಾವಾಗ ನನ್ನ ಕೈ ಹಿಡಿದುಕೊಂಡಳೋ ನನಗೆ ತಿಳಿಯಲೇ ಇಲ್ಲ. ಮತ್ತೊಮ್ಮೆ ಎಣಿಸಿದರು. ನಾನು ಒಂಬತ್ತು ಓಟಿನಿಂದ ಸೋತೆ.

ಅಳು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಗಳಕ್ಕೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಯಜಮಾನರು ಹಾರ ಹಿಡಿದು ಗೇಟಿನ ಹತ್ತಿರ ಇದ್ದರು. ನನ್ನನ್ನು ಕಂಡು ಹತ್ತಿರ ಬಂದು, "ಒಂಬತ್ತೇ ಓಟು ಕಣಮ್ಮ. ನಾನು ಊರೆಲ್ಲ ನನ್ಕಡೆ ಅಂದ್ಕೊಂಡಿದ್ದೆ," ಎಂದರು. ಗೆದ್ದವರ ದನಿಯಾಗಿರಲಿಲ್ಲ ಅದು.

ಮೊದಲ ಸಭೆಯ ದಿನ ಸೊಸೆ ಬೆಳಿಗ್ಗೆಯೇ ನಮ್ಮ ಬಾಗಿಲಿಗೆ ಬಂದಳು. "ಅಕ್ಕ, ಪಂಚಾಯ್ತಿ ಬಾಗ್ಲವರೆಗಾದ್ರೂ ಬಾ," ಎಂದಳು. ಹೋದೆ. ಒಳಗೆ ಯಜಮಾನರು ಮೊದಲೇ ಹೇಳಿದ್ದಂತೆ ಸದಸ್ಯರ ಕುರ್ಚಿಯಲ್ಲಿ ಆಗಲೇ ಕೂತಿದ್ದರು. ಅವಳು ಹೋಗಿ ಪಕ್ಕದಲ್ಲಿ ನಿಂತಳು. ಎಲ್ಲರೂ ನೋಡುತ್ತಿದ್ದರು. ಕಿಟಕಿಯ ಹೊರಗೆ ನಾನು ಸರಳು ಹಿಡಿದು ನಿಂತಿದ್ದೆ.

"ಮಾವ, ನೀವು ಮನೇಗೆ ಹೋಗಿ. ನಾನು ಕೂತ್ಕೊಳ್ತೀನಿ," ಎಂದಳು.

ಮೆಲ್ಲಗೆ ಹೇಳಿದಳು, ಆದರೂ ನನ್ನವರೆಗೆ ಕೇಳಿಸಿತು. ಯಜಮಾನರು ಅವಳ ಮುಖವನ್ನೇ ನೋಡಿದರು. ಏನು ಕಂಡಿತೋ, ಎದ್ದರು. ಹೊರಗೆ ಬಂದು ನನ್ನ ಪಕ್ಕದಲ್ಲೇ ಕಿಟಕಿಗೆ ನಿಂತರು. ಅವಳು ಆ ಕರಪತ್ರ ಬಿಡಿಸಿ, ಹಿಂದೆ ಬರೆದುಕೊಂಡದ್ದನ್ನು ಓದತೊಡಗಿದಳು.

ಶಾಲೆಯ ಶೌಚಾಲಯಕ್ಕೆ ಎರಡೇ ತಿಂಗಳಲ್ಲಿ ಬಾಗಿಲು ಬಂತು. ಮೇಲಿನ ಬೀದಿಗೆ ಪೈಪು ಅರ್ಧ ದಾರಿ ಬಂದು ನಿಂತಿತು. ಮುಂದಕ್ಕೆ ಮಂಜೂರಾಗಿಲ್ಲ ಎಂದರು. ದೊಡ್ಡ ರಾಜಕಾರಣಿಗಳಂತೂ ಬದಲಾಗಲಿಲ್ಲ, ಟಿವಿ ಹಾಕಿದರೆ ಈಗಲೂ ಅದೇ ಕುರ್ಚಿ, ಅದೇ ಜಿಗಿದಾಟ, ನಾನು ಈಗಲೂ ಬೈಯುತ್ತೇನೆ.

ವರ್ಷ ತುಂಬುವ ಹೊತ್ತಿಗೆ ನಮ್ಮೂರಿನಲ್ಲಿ ನಿಜವಾದ ಗ್ರಾಮಸಭೆ ನಡೆಯಿತು. ಶಾಲೆಯ ಅಂಗಳ ತುಂಬ ಜನ. ಮೇಜಿನ ಹಿಂದೆ ಅಧಿಕಾರಿಗಳ ಜೊತೆ ಅವಳು ಕೂತಿದ್ದಳು. ಪೈಪಿನ ಮಾತು ಯಾರೂ ಎತ್ತದಿದ್ದಾಗ ನಾನು ಎದ್ದು ನಿಂತೆ.

"ಪೈಪು ಯಾಕೆ ನಿಂತೈತೆ ಅಂತ ಮೆಂಬರ್ ಹೇಳ್ಬೇಕು. ಎಂಟು ತಿಂಗ್ಳಿಂದ ಮೇಲಿನ ಬೀದಿಗೆ ಹೋಗಿ ಒಂದ್ ಮಾತು ಹೇಳಿಲ್ಲ," ಎಂದೆ.

ಅವಳ ಮುಖ ಕೆಂಪಾಯಿತು. ನನ್ನಿಂದ ಆ ಪ್ರಶ್ನೆ ಬರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಅಧಿಕಾರಿ ಬಾಯಿ ಹಾಕಲು ಹೋದರು; ಅವಳು ಕೈ ಅಡ್ಡ ಹಿಡಿದು ತಾನೇ ಎದ್ದಳು. ಯಾವ ಕಚೇರಿಗೆ ಎಷ್ಟು ಸಲ ಹೋದೆ, ಯಾರು ಏನೆಂದರು, ಎಲ್ಲ ಹೇಳಿದಳು. ಕೊನೆಗೆ, "ಬೀದಿಗೆ ಬಂದು ಹೇಳ್ದೆ ಇದ್ದದ್ದು ನನ್ ತಪ್ಪು," ಎಂದಳು. ಕಾಯಿ ಸುಲಿಯುವ ಹೆಂಗಸು ಎದ್ದು ಇನ್ನೊಂದು ಪ್ರಶ್ನೆ ಕೇಳಿದಳು. ಅವಳ ಹಿಂದೆ ಮತ್ತೊಬ್ಬಳು. ಹನ್ನೊಂದಕ್ಕೆ ಶುರುವಾದ ಸಭೆ ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ.

ದೊಡ್ಡಮನೆ ಸೊಸೆ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಳು. ರವಿಕೆಯನ್ನು ತಿಪಟೂರಿನಲ್ಲಿ ಹೊಲಿಸಿದಳು. ನನಗೆ ಬೇಸರವಾಯಿತು, ಆದರೆ ಕೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ. ಆ ದಿನ ಸಭೆ ಮುಗಿಸಿ ಬರುವಾಗ ನನ್ನ ಹೆಜ್ಜೆ ಎಷ್ಟು ಜೋರಾಗಿತ್ತೆಂದರೆ, ಹಿಂದೆ ಬರುತ್ತಿದ್ದ ನನ್ನ ಗಂಡ ಎರಡು ಸಲ ಕೂಗಿ ನಿಲ್ಲಿಸಬೇಕಾಯಿತು.

"ಯಾಕಿಂಗೆ ಓಡ್ತೀಯ?" ಎಂದು ಕೇಳಿದರು.

"ಮುಂದಿನ ಸಲ ಯಾರ್ಯಾರು ನಿಂತ್ಕೊಳ್ತಾರೆ ಅಂತ ಮೇಲಿನ ಬೀದಿಲಿ ಮಾತಾಡ್ತಾವ್ರೆ," ಎಂದೆ. "ಕೇಳ್ಕೊಂಡ್ ಬರಾನ ಬನ್ನಿ."